ಸೊಸೆಯ ಕಲಬೆರಕೆ

ಮಾವ ತಮ್ಮ ನೌಕರಿಯ ಕಾಲವನ್ನೆಲ್ಲ ಕಲಬೆರಕೆ ಹಿಡಿಯುವುದರಲ್ಲಿ ಕಳೆದವರು. ಆಹಾರ ತಪಾಸಣೆಯ ಅಧಿಕಾರಿ. ಅವರು ಅಂಗಡಿಯ ಮೆಟ್ಟಿಲು ಹತ್ತಿದರೆ ಸಾಕು, ಗಲ್ಲಾದ ಮುಂದೆ ಕೂತವನಿಗೆ ಬಾಯಿ ಒಣಗುತ್ತಿತ್ತಂತೆ. ಹಾಲಿಗೆ ನೀರು, ಮೆಣಸಿಗೆ ಪಪ್ಪಾಯಿ ಬೀಜ, ಖಾರದ ಪುಡಿಗೆ ಇಟ್ಟಿಗೆ ಪುಡಿ, ಜೇನಿಗೆ ಸಕ್ಕರೆ ಪಾಕ, ಚಹಾಪುಡಿಗೆ ಬಣ್ಣ ಬಳಿದ ಮರದ ಹೊಟ್ಟು, ಹೀಗೆ ಮನುಷ್ಯ ಮನುಷ್ಯನಿಗೆ ತಿನ್ನಿಸಬಹುದಾದ ಸುಳ್ಳುಗಳನ್ನೆಲ್ಲ ಅವರು ನಾಲಿಗೆಯ ತುದಿಯಲ್ಲೇ ಗುರುತಿಸುತ್ತಿದ್ದರು. ನಿವೃತ್ತಿಯಾದ ಮೇಲೂ ಚಾಳಿ ಬಿಡಲಿಲ್ಲ. ಮನೆಗೆ ತಂದ ಪೊಟ್ಟಣ ಯಾವುದೇ ಇರಲಿ, ಮೊದಲು ಮೂಗಿಗೆ, ಆಮೇಲೆ ಕಿಟಕಿಯ ಬೆಳಕಿಗೆ, ಆಮೇಲೇ ಡಬ್ಬಿಗೆ.

ಇಂಥವರ ಮನೆಗೆ ಸೊಸೆಯಾಗಿ ಬಂದವಳ ಕೆಲಸ ಏನೆಂದರೆ, ಒಂದು ವಸ್ತುವಿನೊಳಕ್ಕೆ ಇನ್ನೊಂದನ್ನು ಚಿಟಿಕೆಯಷ್ಟು ಸೇರಿಸುವುದು. ಸಂಶೋಧನಾಲಯದಲ್ಲಿ ಅವಳಿಗೆ ಚಿಟಿಕೆ ಮೇಡಂ ಎಂದೇ ಹೆಸರು. ಮೆಗ್ನೀಸಿಯಂ ಮತ್ತು ಸಿಲಿಕಾನ್ ಕೂಡಿದ ಸಿಲಿಸೈಡ್ ಎಂಬ, ನೋಡಲು ಏನೇನೂ ಲಕ್ಷಣವಿಲ್ಲದ ಬೂದು ವಸ್ತುವೊಂದಿದೆ. ಅದರ ಬಿಲ್ಲೆಯ ಒಂದು ಬದಿಯನ್ನು ಕಾಯಿಸಿ ಇನ್ನೊಂದು ಬದಿಯನ್ನು ತಣ್ಣಗಿಟ್ಟರೆ ನಡುವೆ ವಿದ್ಯುತ್ ಹುಟ್ಟುತ್ತದೆ. ಕುಲುಮೆಯ ಚಿಮಣಿಯಲ್ಲಿ, ಲಾರಿಯ ಹೊಗೆ ಕೊಳವೆಯಲ್ಲಿ ಸುಮ್ಮನೆ ಗಾಳಿಪಾಲಾಗುವ ಶಾಖವನ್ನು ಹಿಡಿದು ದೀಪ ಉರಿಸಬಹುದು. ಉರಿಸಬಹುದು ಎಂಬುದು ಪುಸ್ತಕದ ಮಾತು. ಬರೀ ಸಿಲಿಸೈಡನ್ನು ನಂಬಿಕೊಂಡರೆ ಇರುವೆಯ ಮನೆಗೂ ದೀಪ ಹತ್ತುವುದಿಲ್ಲ. ಅದಕ್ಕೇ ಅದರೊಳಗಿನ ಕೆಲವು ಪರಮಾಣುಗಳನ್ನು ಜಾಗದಿಂದ ಎಬ್ಬಿಸಿ, ಅಲ್ಲಿ ಬೇರೆ ಧಾತುವಿನ ಪರಮಾಣುಗಳನ್ನು ಕೂರಿಸಬೇಕು. ಹೊಸಬರು ಬಂದ ಮೇಲೆ ವಿದ್ಯುತ್ತಿಗೆ ದಾರಿ ಸಲೀಸಾಗಬೇಕು, ಶಾಖಕ್ಕೆ ಮಾತ್ರ ಅಡ್ಡಿಯಾಗಬೇಕು. ಯಾರನ್ನು ಕೂರಿಸುವುದು, ಎಷ್ಟು ಮಂದಿಯನ್ನು ಕೂರಿಸುವುದು ಎಂದು ಲೆಕ್ಕ ಹಾಕುವುದರಲ್ಲೇ ಅವಳ ತಲೆಯಲ್ಲಿ ಬಿಳಿ ಕೂದಲು ಇಣುಕತೊಡಗಿದ್ದವು.

ಮಾವನಿಗೆ ಇದು ಅರ್ಥವಾದ ದಿನದಿಂದ ಬೆಳಗಿನ ಹೊತ್ತು ಒಂದು ತಮಾಷೆ ಕಾಯಂ ಆಯಿತು. ತರಕಾರಿ ಹೆಚ್ಚಿಕೊಡುವುದು ಅವರ ಪಾಲಿನ ಕೆಲಸ. ಹೆಚ್ಚುತ್ತಾ, ತಲೆ ಎತ್ತದೆ ಹೇಳುತ್ತಿದ್ದರು.

"ನಾನು ಹಿಡಿದು ಕೇಸು ಹಾಕ್ತಿದ್ದೆ. ನೀನು ಅದನ್ನೇ ಸಂಬಳ ತಗೊಂಡು ಮಾಡ್ತೀಯ."

ಕಲಬೆರಕೆ ಅಲ್ಲ ಮಾವ, ಬದಲಿ, ಒಂದು ಪರಮಾಣು ಎದ್ದ ಜಾಗದಲ್ಲಿ ಇನ್ನೊಂದು ಕೂರುತ್ತೆ ಅಷ್ಟೆ, ಎಂದು ಅವಳು ಒಲೆಯ ಮುಂದಿನಿಂದಲೇ ತಿದ್ದುತ್ತಿದ್ದಳು. ಹಾಲಿನವನೂ ಹಾಗೇ ಅನ್ನುತ್ತಿದ್ದ, ಹಾಲು ಎದ್ದು ಹೋದ ಜಾಗದಲ್ಲಿ ನೀರು ಕೂತಿದೆ ಸ್ವಾಮಿ, ಎಂದು ಮಾವ ಗಂಭೀರವಾಗಿ ಉತ್ತರ ಕೊಡುತ್ತಿದ್ದರು. ಅವಳು ನಗುತ್ತಿದ್ದಳು. ಗಂಡ ರೈಲಿನ ಗಾರ್ಡು, ತಿಂಗಳಿನ ಅರ್ಧ ಹಳಿಯ ಮೇಲೆ. ಅತ್ತೆ ತೀರಿಕೊಂಡು ಬಹಳ ಕಾಲವಾಗಿತ್ತು. ಮನೆಯಲ್ಲಿ ಹೆಚ್ಚು ಹೊತ್ತು ಇರುತ್ತಿದ್ದವರು ಇವರಿಬ್ಬರೇ, ಹಾಗಾಗಿ ಒಂದೇ ಹಾಸ್ಯವನ್ನು ದಿನವೂ ಬಿಸಿ ಮಾಡಿ ಬಡಿಸಿದರೂ ಹಳಸಿತು ಅನ್ನಿಸುತ್ತಿರಲಿಲ್ಲ. ನಿಜ ಹೇಳಬೇಕೆಂದರೆ ಅವಳಿಗೆ ಅದು ಇಷ್ಟವಾಗಿತ್ತು. ಮಾವ ನೆಗಡಿಯಾಗಿ ಮಲಗಿ, ಆ ಮಾತು ಹೇಳದೆ ಇದ್ದ ಬೆಳಗ್ಗೆ ಅಡುಗೆಮನೆ ಖಾಲಿ ಖಾಲಿ ಅನ್ನಿಸುತ್ತಿತ್ತು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮುಂದೆ ಅವಳು ಮಾಡಿದ್ದನ್ನು ನೋಡಿದರೆ ಯಾರೂ ಇದನ್ನು ನಂಬಲಾರರು.

ಅವಳ ಪ್ರಯೋಗಶಾಲೆ ಒಂದು ಹಳೆಯ ಕಟ್ಟಡದ ಹಿಂಬದಿಯ ಉದ್ದನೆಯ ಕೋಣೆ. ಒಂದು ಗೋಡೆಗೆ ಕುಲುಮೆ, ಇನ್ನೊಂದಕ್ಕೆ ಪುಡಿಯನ್ನು ಬಿಲ್ಲೆಯಾಗಿ ಒತ್ತುವ ಯಂತ್ರ, ಮೂಲೆಯಲ್ಲಿ ಅರೆಯುವ ಯಂತ್ರ. ಈ ಅರೆಯುವ ಯಂತ್ರಕ್ಕೆ ಉಕ್ಕಿನ ಡಬ್ಬಿಗಳಿವೆ. ಡಬ್ಬಿಗೆ ಧಾತುಗಳ ಪುಡಿ ಹಾಕಿ, ಉಕ್ಕಿನ ಗುಂಡುಗಳನ್ನು ಹಾಕಿ, ಮುಚ್ಚಳ ಬಿಗಿದು ಬಿಟ್ಟರೆ ಅದು ಗಿರಗಿರನೆ ತಿರುಗಿ ಎಲ್ಲವನ್ನೂ ಅರೆದು ಒಂದು ಮಾಡುತ್ತದೆ. ಒಬ್ಬರ ಡಬ್ಬಿಯಲ್ಲಿ ಇನ್ನೊಬ್ಬರು ಅರೆಯುವಂತಿಲ್ಲ, ಹಳೆಯ ಪುಡಿ ಗೋಡೆಗೆ ಅಂಟಿಕೊಂಡಿದ್ದರೆ ಹೊಸದಕ್ಕೆ ಬೆರೆಯುತ್ತದೆ. ಅವಳ ಡಬ್ಬಿಗೆ ನೀಲಿ ಪಟ್ಟಿ, ಪಕ್ಕದ ಮೇಜಿನವನ ಡಬ್ಬಿಗೆ ಕೆಂಪು ಪಟ್ಟಿ. ಪಕ್ಕದ ಮೇಜಿನವನಿಗೆ ಪುಡಿಯ ಡಬ್ಬಿ ತೆರೆದರೆ ಸೀನು, ಆದ್ದರಿಂದ ಅಲ್ಲಿ ಎಲ್ಲರ ಬಾಯಲ್ಲೂ ಅವನು ಸೀನಪ್ಪ. ಯಂತ್ರದ ಮೇಲಿನ ಗೋಡೆಗೆ "ಇನ್ನೊಬ್ಬರ ಡಬ್ಬಿ ಮುಟ್ಟಬೇಡಿ" ಎಂದು ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿದವಳು ಚಿಟಿಕೆ ಮೇಡಂ. ಅಂಟಿಸಿದ್ದಷ್ಟೇ ಅಲ್ಲ, ಮರೆತವರಿಗೆ ಅದನ್ನು ಗಟ್ಟಿಯಾಗಿ ಓದಿಸುವುದೂ ಇತ್ತು.

ಸೀನಪ್ಪನದು ಬಿಸ್ಮತ್ ಎಂಬ ಲೋಹ ಬೆರೆತ ಮೆತ್ತನೆಯ ಪುಡಿಗಳ ಕೆಲಸ. ಸಿಲಿಸೈಡಿನಲ್ಲಿ ಸಿಲಿಕಾನಿನ ಜಾಗಕ್ಕೆ ಬಿಸ್ಮತ್ ಕೂರಿಸಿದರೆ ವಿದ್ಯುತ್ ಹೆಚ್ಚುತ್ತದೆ ಎಂಬುದು ಆ ವಿದ್ಯೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ. ಎಲ್ಲರಿಗೂ ಗೊತ್ತಿದ್ದದ್ದು ಅವಳಿಗೆ ಬೇಡವಾಗಿತ್ತು. ಅವಳು ಹಿಡಿದದ್ದು ಸತುವನ್ನು. ಮೆಗ್ನೀಸಿಯಂ ಜಾಗಕ್ಕೆ ಸತು. ಹೇರಳವಾಗಿ ಸಿಗುವ, ಬಕೆಟ್ಟಿಗೂ ತಗಡಿಗೂ ಬಳಿಯುವ ಬಡಪಾಯಿ ಲೋಹ. ಅದರಿಂದ ಆಗುವುದಿಲ್ಲ ಎಂದು ಎಲ್ಲರೂ ಹೇಳಿದ್ದರು. ಆಗಿಯೂ ಇರಲಿಲ್ಲ. ವರ್ಷಗಳಿಂದ ಅರೆದಳು, ಒತ್ತಿದಳು, ಕಾಯಿಸಿದಳು, ಅಳೆದಳು, ಸತು ಜಗ್ಗಲಿಲ್ಲ. ವಿಭಾಗದ ಮುಖ್ಯಸ್ಥರು ಒಳ್ಳೆಯ ಮನುಷ್ಯ, ಗಟ್ಟಿ ಮಾತು ಬಾಯಿಗೆ ಬಾರದವರು. ಅಂಥವರೇ ಒಂದು ದಿನ ಅವಳನ್ನು ಕೂರಿಸಿಕೊಂಡು, ಈ ಸಲವೂ ಏನೂ ಕಾಣದಿದ್ದರೆ ಸತುವನ್ನು ಬಿಟ್ಟುಬಿಡೋಣ ಎಂದರು. ಅದೇ ಉಸಿರಿಗೆ, ಗಾಜಿನ ಕಾರ್ಖಾನೆಯವರು ತಮ್ಮ ಕುಲುಮೆಯ ಚಿಮಣಿಗೆ ಹಾಕಲು ಏನಾದರೂ ಸಿಕ್ಕೀತೇ ಎಂದು ನೋಡಲು ಬರುತ್ತಾರೆ, ಅಂದು ಮನೆಯವರನ್ನೂ ಕರೆಯಬಹುದು, ಎಂದೂ ಸೇರಿಸಿದರು.

ಸತುವಿನ ಕೊನೆಯ ಪುಡಿಯನ್ನು ಅರೆಯಬೇಕಾದ ದಿನ ನೀಲಿ ಡಬ್ಬಿಯ ಮುಚ್ಚಳದ ರಬ್ಬರು ಹರಿದಿತ್ತು. ಸೀನಪ್ಪ ರಜೆಯಲ್ಲಿದ್ದ. ಅವಳ ಕಣ್ಣು ಕೆಂಪು ಡಬ್ಬಿಯ ಮೇಲೆ ಬಿತ್ತು. ಬೇರೆಯವರ ಡಬ್ಬಿ ತೆಗೆದುಕೊಳ್ಳಲೇಬೇಕಾದರೆ ಅದಕ್ಕೊಂದು ಕ್ರಮವಿದೆ. ಮೊದಲು ಒರಟು ಮರಳು ಹಾಕಿ ಅರೆದು ಚೆಲ್ಲಬೇಕು, ತೊಳೆಯಬೇಕು, ಮತ್ತೆ ಅರೆಯಬೇಕು. ಅರ್ಧ ದಿನದ ಕೆಲಸ. ಅವಳು ಬಟ್ಟೆಗೆ ಸ್ಪಿರಿಟ್ ಹಾಕಿ ಒರೆಸಿದಳು. ಒರೆಸಿದ ಮೇಲೂ ಒಳಗಿನ ಗೋಡೆಯಲ್ಲಿ ಸೀಸದ ಬಣ್ಣದ ತೆಳ್ಳನೆಯ ಹೊಳಪೊಂದು ಉಳಿದಿತ್ತು. ಅವಳು ಅದನ್ನು ನೋಡಿದಳು. ಉಕ್ಕಿನ ಹೊಳಪು ಎಂದುಕೊಂಡಳು. ಉಕ್ಕು ಹಾಗೆ ಹೊಳೆಯುವುದಿಲ್ಲ ಎಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಆ ಕಟ್ಟಡದಲ್ಲಿ ಯಾರೂ ಇರಲಿಲ್ಲ. ಆದರೆ ಕೊನೆಯ ಅವಕಾಶ ಕೈಯಲ್ಲಿ ಹಿಡಿದು ನಿಂತವರು ತಮಗೆ ಬೇಕಾದದ್ದನ್ನೇ ನಂಬುತ್ತಾರೆ.

ಆ ಪುಡಿಯಿಂದ ಒತ್ತಿದ ಬಿಲ್ಲೆ ಕುಣಿದುಬಿಟ್ಟಿತು. ಅಳತೆಯ ಯಂತ್ರದ ಗೆರೆ ಹಿಂದೆಂದೂ ಏರದ ಕಡೆಗೆ ಏರಿತು. ಅವಳು ತಂತಿ ಬಿಚ್ಚಿ ಮತ್ತೆ ಕಟ್ಟಿ ಅಳೆದಳು, ಮತ್ತೆ ಅಷ್ಟೇ ಬಂತು. ಮುಖ್ಯಸ್ಥರು ಓಡಿ ಬಂದು ನೋಡಿದರು, ಅವಳ ಕೈ ಕುಲುಕಿದರು, ಸತುವಿಗೆ ಕ್ಷಮಾಪಣೆ ಕೇಳಬೇಕು ಅಂದರು. ಮಾರನೆಯ ದಿನ ರಜೆ ಮುಗಿಸಿ ಬಂದ ಸೀನಪ್ಪ ತನ್ನ ಡಬ್ಬಿ ಇಟ್ಟ ಜಾಗದಲ್ಲಿಲ್ಲ, ಕಪಾಟಿನಲ್ಲಿ ಒಂದು ಹಲಗೆ ಕೆಳಗಿದೆ, ಮೇಡಂ ಏನಾದರೂ ತೆಗೆದುಕೊಂಡಿದ್ದಿರಾ, ಎಂದು ಕೇಳಿದ. ಅವಳು ಆಗ ಸರಿಯಾಗಿ ತನ್ನದೇ ಬರಹದ ಕೆಳಗೆ ನಿಂತಿದ್ದಳು.

"ಇಲ್ವಲ್ಲ," ಅಂದಳು.

ಇಷ್ಟು ಚಿಕ್ಕ ಸುಳ್ಳು ಹೇಳಲು ಅಷ್ಟು ಓದಿದವಳಿಗೆ ಯೋಚನೆಯೇ ಬೇಕಾಗಲಿಲ್ಲ.

ಗಾಜಿನ ಕಾರ್ಖಾನೆಯವರು ಬರುವ ದಿನ ಮಾವ ತಮ್ಮ ಹಳೆಯ ಕಚೇರಿಯ ಕೋಟನ್ನು ಇಸ್ತ್ರಿ ಮಾಡಿಸಿದ್ದರು. ಬೂಟಿಗೆ ತಾವೇ ಪಾಲಿಶ್ ಹಾಕಿಕೊಂಡಿದ್ದರು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು, ಅಲ್ಲಿ ಯಾರಾದರೂ ಪ್ರಶ್ನೆ ಕೇಳಿದರೆ ತಾನು ಏನು ಹೇಳಬೇಕು ಎಂದು ದಾರಿಯುದ್ದಕ್ಕೂ ವಿಚಾರಿಸಿದರು. ನಿಮ್ಮನ್ನು ಯಾರೂ ಕೇಳಲ್ಲ ಮಾವ ಎಂದು ಅವಳು ನಕ್ಕಿದ್ದಳು.

ಪ್ರಯೋಗಶಾಲೆ ಆ ದಿನ ಜನರಿಂದ ತುಂಬಿತ್ತು. ಅವಳು ಬಿಲ್ಲೆಯ ಒಂದು ಬದಿಗೆ ಬಿಸಿ ತಟ್ಟೆ, ಇನ್ನೊಂದು ಬದಿಗೆ ಮಂಜುಗಡ್ಡೆಯ ನೀರು ಇಟ್ಟು, ತಂತಿಯ ತುದಿಗೆ ಪುಟ್ಟದೊಂದು ಫ್ಯಾನು ಸಿಕ್ಕಿಸಿದ್ದಳು. ತಟ್ಟೆ ಕಾದಂತೆ ಫ್ಯಾನು ಮೊದಲು ನಡುಗಿ, ಆಮೇಲೆ ಮನಸ್ಸು ಮಾಡಿ ತಿರುಗತೊಡಗಿತು. ಚಪ್ಪಾಳೆ ಬಿತ್ತು. ಎಲ್ಲರಿಗಿಂತ ಜೋರಾಗಿ ತಟ್ಟಿದವರು ಮಾವ. ಕಾರ್ಖಾನೆಯ ಹಿರಿಯ ಮೇಲ್ವಿಚಾರಕರು ಅತ್ತ ತಿರುಗಿ, ತಾವು ಯಾರು ಎಂದು ವಿಶ್ವಾಸದಿಂದ ಕೇಳಿದರು. ಮಾವನಿಗೆ ಅಷ್ಟೇ ಸಾಕಾಯಿತು.

"ನಾನು ಕಲಬೆರಕೆ ಹಿಡಿಯೋನು, ಇವಳು ಕಲಬೆರಕೆ ಮಾಡೋಳು. ಇಬ್ಬರೂ ಒಂದೇ ಮನೇಲಿದೀವಿ ನೋಡಿ."

ಜನ ಗೊಳ್ಳೆಂದು ನಕ್ಕರು. ಅದರಲ್ಲಿ ಕುಹಕವಿರಲಿಲ್ಲ, ಮನೆಯ ಹಿರಿಯರ ಮಾತಿಗೆ ನಗುವ ನಗು ಅದು. ಮೇಲ್ವಿಚಾರಕರೂ ನಗುತ್ತಲೇ, ಹಾಗಾದರೆ ಈ ಬಿಲ್ಲೆಯಲ್ಲೂ ಏನೋ ಕಲಬೆರಕೆ ಇರಬೇಕಲ್ಲ ಎಂದು ಅವಳ ಕಡೆ ನೋಡಿದರು. ಅವಳಿಗೆ ಕಿವಿಯ ತನಕ ಬಿಸಿಯೇರಿತು. ಮನೆಯಲ್ಲಿ ದಿನವೂ ನಗಿಸುತ್ತಿದ್ದ ಮಾತು ಇಲ್ಲಿ ಚುಚ್ಚಿತು. ಯಾಕೆ ಚುಚ್ಚಿತು ಎಂದು ನೋಡಿಕೊಳ್ಳುವಷ್ಟು ವ್ಯವಧಾನ ಅವಳಿಗಿರಲಿಲ್ಲ.

"ಮಾವ, ಗೊತ್ತಿಲ್ಲದ ವಿಷಯದಲ್ಲಿ ಬಾಯಿ ಹಾಕಬೇಡಿ. ಇದು ಕಿರಾಣಿ ಅಂಗಡಿ ಅಲ್ಲ. ಬದಲಿ ಅನ್ನೋಕೆ ಬರದೆ ಇದ್ರೆ ಸುಮ್ಮನಾದ್ರೂ ಇರಿ."

ನಗು ನಿಂತಿತು. ಮಾವ ನಗುವನ್ನು ಮುಖದಿಂದ ತೆಗೆಯಲು ಮರೆತವರ ಹಾಗೆ ಸ್ವಲ್ಪ ಹೊತ್ತು ನಿಂತರು. ಆಮೇಲೆ ಮೆಲ್ಲಗೆ ಹಿಂದೆ ಸರಿದು, ಬಾಗಿಲ ಬಳಿ ಒಂದರ ಮೇಲೊಂದು ಪೇರಿಸಿಟ್ಟ ಕುರ್ಚಿಗಳ ಪಕ್ಕ ನಿಂತುಕೊಂಡರು. ಕಾರ್ಯಕ್ರಮ ಮುಗಿಯುವವರೆಗೂ ಅಲ್ಲಿಂದ ಕದಲಲಿಲ್ಲ. ತಿಂಡಿಯ ತಟ್ಟೆ ಹಿಡಿದು ಬಂದವರಿಗೂ ತಲೆಯಾಡಿಸಿಯೇ ಬೇಡ ಎಂದರು.

ವಾಪಸು ಬರುವಾಗ ಬಸ್ಸಿನಲ್ಲಿ ಅವರು ಒಂದೇ ಮಾತು ಕೇಳಿದರು. ಆ ಪದ ಏನಂದೆಯಮ್ಮ, ಬದಲಿ ಅಲ್ಲವೇ? ಹೂಂ ಎಂದಳು. ಬದಲಿ, ಬದಲಿ ಎಂದು ಅವರು ತಮ್ಮಷ್ಟಕ್ಕೆ ಹೇಳಿಕೊಂಡರು, ಹೊಸ ಊರಿಗೆ ಬಂದವರು ಬೀದಿಯ ಹೆಸರನ್ನು ಬಾಯಿಪಾಠ ಮಾಡಿಕೊಳ್ಳುವ ಹಾಗೆ.

ಅಂದಿನಿಂದ ಬೆಳಗಿನ ತಮಾಷೆ ನಿಂತಿತು. ಮಾವ ಮುನಿಸಿಕೊಳ್ಳಲಿಲ್ಲ, ಮಾತು ಬಿಡಲಿಲ್ಲ. ಹಾಗೆ ಮಾಡಿದ್ದರೆ ಅವಳಿಗೆ ಎಷ್ಟೋ ಸುಲಭವಾಗುತ್ತಿತ್ತು, ಎದುರಾಡಬಹುದಿತ್ತು, ಅತ್ತು ಕೈಮುಗಿಯಬಹುದಿತ್ತು. ಅವರು ಎಂದಿನಂತೆ ತರಕಾರಿ ಹೆಚ್ಚುತ್ತಾ, ಬದಲಿ ಕೆಲಸ ಹೇಗೆ ನಡೀತಿದೆಯಮ್ಮ ಎಂದು ಬಲು ಮರ್ಯಾದೆಯಿಂದ ಕೇಳುತ್ತಿದ್ದರು. ಇವತ್ತು ಕ್ಷಮೆ ಕೇಳಿಬಿಡುತ್ತೇನೆ ಎಂದುಕೊಂಡು ಏಳುವಳು, ನಾಳೆ ಕೇಳಿದರಾಯಿತು ಎಂದುಕೊಂಡು ಮಲಗುವಳು.

ಅಷ್ಟರಲ್ಲಿ ಕಾರ್ಖಾನೆಯವರು ಚಿಮಣಿಯ ಸುತ್ತ ಜೋಡಿಸಿ ನೋಡುವಷ್ಟು ಬಿಲ್ಲೆಗಳನ್ನು ಕೇಳಿದರು. ನೀಲಿ ಡಬ್ಬಿಗೆ ಹೊಸ ರಬ್ಬರು ಬಂದಿತ್ತು. ಅದೇ ಸತು, ಅದೇ ತೂಕ, ಅದೇ ಕಾವು. ಅಳೆದರೆ ಗೆರೆ ನೆಲ ಬಿಟ್ಟು ಏಳಲಿಲ್ಲ. ಮತ್ತೆ ಮಾಡಿದಳು, ಮತ್ತೆ ಅದೇ ಕಥೆ. ಕುಲುಮೆಯನ್ನು ಅನುಮಾನಿಸಿದಳು, ತಂತಿಯನ್ನು ಅನುಮಾನಿಸಿದಳು, ಮೆಗ್ನೀಸಿಯಂ ಕಾವಿಗೆ ಆವಿಯಾಗಿ ಹಾರಿಹೋಗುತ್ತಿದೆ ಎಂದು ಅದರ ಮೇಲೂ ಗೂಬೆ ಕೂರಿಸಿದಳು. ಪುಡಿ ಮಾರಿದವನಿಗೆ ಫೋನಿನಲ್ಲಿ ಜೋರು ಮಾಡಿದಳು. ಇಡೀ ಕೋಣೆಯಲ್ಲಿ ಅವಳು ಅನುಮಾನಿಸದೆ ಉಳಿದ ವಸ್ತು ಒಂದೇ, ಅದು ಕಣ್ಣೆದುರಿಗೆ ಕಪಾಟಿನಲ್ಲಿ ಕೆಂಪು ಪಟ್ಟಿ ಸುತ್ತಿಕೊಂಡು ಕೂತಿತ್ತು.

ಒಂದು ಮಧ್ಯಾಹ್ನ ಸೀನಪ್ಪ ಆ ಡಬ್ಬಿಯ ಮುಚ್ಚಳ ತೆಗೆದು, ಪದ್ಧತಿಯಂತೆ ಸೀನಿ, ಡಬ್ಬಿಯನ್ನು ಬೆಳಕಿನ ಕಡೆ ವಾಲಿಸಿದ. ಒಳಗಿನ ಗೋಡೆಯ ಮೇಲೆ ಸೀಸದ ಬಣ್ಣದ ತೆಳ್ಳನೆಯ ಹೊಳಪು. ಅವಳು ಪಕ್ಕದ ಮೇಜಿನಿಂದ ಅದನ್ನು ಕಂಡಳು.

ಆ ಮೊದಲ ಬಿಲ್ಲೆಯಿಂದ ಒಂದು ಚೂರು ಕೆತ್ತಿ, ಯಾವುದರಲ್ಲಿ ಏನಿದೆ ಎಂದು ನೋಡುವ ಮಹಡಿಯ ಮೇಲಿನ ಕೋಣೆಗೆ ತಾನೇ ಒಯ್ದು ಕೊಟ್ಟಳು. ಉತ್ತರ ಬಂತು. ಬಿಸ್ಮತ್. ಯಾರೋ ಕೂತು ತೂಗಿ ಹಾಕಿದಷ್ಟು ಹದವಾಗಿ ಸೇರಿದೆ. ಫ್ಯಾನು ತಿರುಗಿಸಿದ್ದು, ಚಪ್ಪಾಳೆ ಗಿಟ್ಟಿಸಿದ್ದು ಸೀನಪ್ಪನ ಡಬ್ಬಿಯ ಕೊಳೆ. ಅವಳ ಸತು ಕೈಕಟ್ಟಿ ಸುಮ್ಮನೆ ಕೂತಿತ್ತು. ಮಾವ ಅಷ್ಟು ಜನರ ಮುಂದೆ ಹೇಳಿದ್ದು ತಮಾಷೆಯಾಗಿ, ಆದರೆ ಹೇಳಿದ್ದು ಅಕ್ಷರಶಃ ನಿಜ. ಆ ದಿನ ಆ ಮಾತು ಯಾಕೆ ಚುಚ್ಚಿತು ಎಂಬುದು ಅವಳಿಗೆ ಆಗ ತಿಳಿಯಿತು. ಡಬ್ಬಿಯ ಹೊಳಪನ್ನು ಕಂಡ ಕಣ್ಣು ಅವಳದೇ ಆಗಿತ್ತಲ್ಲ. ತಿಳಿದ ಮೇಲೆ ಮಹಡಿಯ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಮೇಲೆ ಕೆಳಗೆ ಓಡಾಡುವವರು ತಲೆನೋವೇ ಮೇಡಂ ಎಂದು ಕೇಳಿಕೊಂಡು ಹೋದರು. ಹೌದು ಎಂದಳು.

ಮುಂದಿನ ಕೆಲವು ದಿನ ಅವಳು ತನ್ನೊಳಗೇ ಒಬ್ಬ ವಕೀಲನನ್ನು ಇಟ್ಟುಕೊಂಡು ಓಡಾಡಿದಳು. ಆ ವಕೀಲ ಬಹಳ ಜಾಣ. ಹೇಗೂ ಬಿಸ್ಮತ್ ಕೆಲಸ ಮಾಡುತ್ತದೆ, ಈಗ ಬೇಕೆಂದೇ ಸತುವಿನ ಜೊತೆಗೆ ಬಿಸ್ಮತ್ತನ್ನೂ ಹಾಕಿ, ಮೊದಲಿನಿಂದಲೂ ಎರಡೂ ಇತ್ತು, ಜೋಡಿ ಬದಲಿ ಎಂದುಬಿಟ್ಟರೆ ಯಾರು ಕೇಳುತ್ತಾರೆ ಎಂದ. ಚಿಮಣಿಯ ದೀಪ ಹತ್ತುತ್ತದೆ. ಕಾರ್ಖಾನೆಗೆ ನಷ್ಟವಿಲ್ಲ. ಸತುವಿನ ಹೆಸರೂ ಉಳಿಯುತ್ತದೆ. ಯಾರಿಗೂ ಏನೂ ಆಗುವುದಿಲ್ಲ. ಈ ಕೊನೆಯ ಮಾತನ್ನು ಎಲ್ಲೋ ಕೇಳಿದ್ದೇನಲ್ಲ ಎಂದು ಅವಳಿಗೆ ಅನ್ನಿಸಿತು. ಕುಡಿದವರಿಗೆ ಏನೂ ಆಗಲ್ಲ ಸ್ವಾಮಿ ಎಂದು ಹಾಲಿನವರು, ಖಾರದ ಪುಡಿಯವರು, ಜೇನಿನವರು ಬೇಡಿಕೊಳ್ಳುತ್ತಿದ್ದುದನ್ನು ಮಾವ ಧ್ವನಿ ಬದಲಿಸಿ ಅಭಿನಯಿಸಿ ತೋರಿಸುತ್ತಿದ್ದರು. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು.

ಆದರೂ ಅವಳು ಬಾಯಿ ಬಿಡಲಿಲ್ಲ. ಬಿಟ್ಟರೆ ಸತು ಹೋಗುತ್ತದೆ, ಹೆಸರು ಹೋಗುತ್ತದೆ, ಅದೆಲ್ಲ ಇರಲಿ, ಸೀನಪ್ಪನ ಮುಖ ನೋಡಬೇಕಾಗುತ್ತದೆ.

ಒಂದು ಸಂಜೆ ಮಳೆ ಹಿಡಿಯಿತು. ಮಾವ ಕ್ಷೌರದಂಗಡಿಗೆ ಹೋಗಿದ್ದರು, ಕೊಡೆ ಮನೆಯಲ್ಲೇ ಇತ್ತು. ಅವಳು ಕೊಡೆ ತೆಗೆದುಕೊಂಡು ಹೊರಟಳು. ಅಂಗಡಿಯ ಬಾಗಿಲಿಗೆ ಪರದೆ ಎಳೆದಿತ್ತು. ಒಳಗೆ ಕ್ಷೌರದವನು ಮಾವನಿಗೆ ಅವರದೇ ಹಳೆಯ ಹಾಸ್ಯವನ್ನು ವಾಪಸು ಕೊಡುತ್ತಾ, ನಿಮ್ಮ ಸೊಸೆಯ ಕಲಬೆರಕೆ ವ್ಯಾಪಾರ ಹೇಗಿದೆ ಸ್ವಾಮಿ ಎಂದು ಕೇಳುತ್ತಿದ್ದ. ಮಾವನೇ ಆ ಬೀದಿಗೆಲ್ಲ ಹಂಚಿದ್ದ ಹಾಸ್ಯ ಅದು. ಪರದೆಯ ಸಂದಿಯಿಂದ ಅವಳಿಗೆ ಕನ್ನಡಿ ಕಂಡಿತು. ಕೆನ್ನೆಗೆ ನೊರೆ ಮೆತ್ತಿಕೊಂಡಿದ್ದ ಮಾವ ಕೈ ಎತ್ತಿ ಕತ್ತಿಯನ್ನು ತಡೆದರು.

"ಹಾಗನ್ನಬಾರದಪ್ಪ. ತಪ್ಪು ನಂದೇ, ಗೊತ್ತಿಲ್ಲದೆ ಅಂತಿದ್ದೆ. ಕಲಬೆರಕೆ ಅಂದ್ರೆ ಕದ್ದು ಸೇರಿಸೋದು. ಬದಲಿ ಅಂದ್ರೆ ಹೇಳಿ ಸೇರಿಸೋದು. ನನ್ನ ಸೊಸೆ ಹೇಳಿ ಸೇರಿಸ್ತಾಳೆ."

ಕ್ಷೌರದವನು ಹೌದಾ ಸ್ವಾಮಿ ಎಂದು ಕೆಲಸ ಮುಂದುವರಿಸಿದ. ಅವಳಿಗೆ ಒಳಗೆ ಹೋಗಲು ಕಾಲು ಬರಲಿಲ್ಲ. ಕೊಡೆಯನ್ನು ಬಾಗಿಲ ಪಕ್ಕದ ಗೋಡೆಗೆ ಒರಗಿಸಿಟ್ಟು, ಮಳೆಯಲ್ಲೇ ನೆನೆಯುತ್ತಾ ಮನೆಗೆ ಬಂದಳು.

ಮರುದಿನ ಬೆಳಗ್ಗೆ ಮುಖ್ಯಸ್ಥರ ಕೋಣೆಯಲ್ಲಿ, ಸೀನಪ್ಪನನ್ನೂ ಕರೆಸಿಕೊಂಡು, ಎಲ್ಲವನ್ನೂ ಹೇಳಿದಳು. ಹರಿದ ರಬ್ಬರು, ಕೆಂಪು ಡಬ್ಬಿ, ಸ್ಪಿರಿಟ್ಟಿನ ಬಟ್ಟೆ. ಹೊಳಪು ಕಂಡದ್ದನ್ನು ಹೇಳುವಾಗ ಮಾತ್ರ ನಾಲಿಗೆ ತಡವರಿಸಿತು, ಆದರೆ ಅದನ್ನೂ ಹೇಳಿದಳು. ಮುಖ್ಯಸ್ಥರು ಸುಮಾರು ಹೊತ್ತು ಕನ್ನಡಕ ಒರೆಸಿದರು. ಸಿಟ್ಟು ಮಾಡಲು ಬಾರದ ಮನುಷ್ಯನಿಗೆ ಸಿಟ್ಟು ಬಂದರೆ ಪಾಪ, ಅದನ್ನು ಎಲ್ಲಿಡಬೇಕೆಂದೇ ಗೊತ್ತಾಗುವುದಿಲ್ಲ. ಕೊನೆಗೆ ಅವರು ದಾರಿಯೊಂದನ್ನು ಹುಡುಕಿದರು. ಕಾರ್ಖಾನೆಯವರಿಗೆ ಆಕಸ್ಮಿಕ ಬದಲಿ ಎಂದು ಬರೆದರೆ ಹೇಗೆ? ಸುಳ್ಳೇನೂ ಅಲ್ಲ. ಕೇಳಲಿಕ್ಕೂ ಚೆನ್ನಾಗಿದೆ.

"ಹೇಳಿ ಸೇರಿಸಿದ್ರೆ ಬದಲಿ ಸರ್," ಅಂದಳು. "ನಾನು ಹೇಳಿಲ್ಲ. ಕಲಬೆರಕೆ ಅಂತಾನೇ ಬರೀರಿ."

ಪತ್ರಕ್ಕೆ ಮೊದಲು ಕಾರ್ಖಾನೆಗೆ ಅವಳೇ ಫೋನು ಮಾಡಿ ತಿಳಿಸುವುದೆಂದಾಯಿತು. ಸತುವಿನ ಕೆಲಸ ಅಲ್ಲಿಗೆ ಮುಗಿಯಿತು. ಚಿಮಣಿಯ ಕೆಲಸ ಅವರಿಗೆ ಇನ್ನೂ ಬೇಕಿದ್ದರೆ ಬಿಸ್ಮತ್ ಹಾಕಿ ಸೀನಪ್ಪ ಮಾಡುತ್ತಾನೆ, ಚಿಟಿಕೆ ಮೇಡಂ ಅವನಿಗೆ ಕೈಜೋಡಿಸಬಹುದು ಎಂದು ಮುಖ್ಯಸ್ಥರು ಮೇಜಿನ ಕಡೆ ನೋಡುತ್ತಾ ಹೇಳಿದರು. ಹೊರಗೆ ಬಂದು ಅರೆಯುವ ಯಂತ್ರದ ಹತ್ತಿರ ನಿಂತ ಮೇಲೆ ಸೀನಪ್ಪ, ಆವತ್ತು ನಾನು ಕೇಳಿದ್ದೆನಲ್ಲ ಮೇಡಂ ಎಂದ. ಸುಳ್ಳು ಹೇಳಿದೆ ಎಂದಳು. ಅವನು ತನ್ನ ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದ. ಅವಳು ಗೋಡೆಯ ಮೇಲಿನ ಬರಹವನ್ನು ಕಿತ್ತುಹಾಕಲು ಕೈ ಚಾಚಿದಳು.

"ಇರಲಿ ಬಿಡಿ. ಬರೆದಿರೋದು ಸರಿಯಾಗೇ ಇದೆ," ಅಂದ ಸೀನಪ್ಪ.

ಆ ದಿನವೆಲ್ಲ ಅವಳು ಅದರ ಕೆಳಗೇ ಕೆಲಸ ಮಾಡಿದಳು.

ಮನೆಗೆ ಬಂದಾಗ ಮಾವ ಅಡುಗೆಮನೆಯ ಮೇಜಿನ ಮುಂದೆ ಹುರುಳಿಕಾಯಿ ಹರವಿಕೊಂಡು ಕೂತು, ನಾರು ತೆಗೆಯುತ್ತಿದ್ದರು. ಕ್ಷೌರದಂಗಡಿಯ ಬಾಗಿಲಲ್ಲಿ ತಮ್ಮದೇ ಕೊಡೆ ಸಿಕ್ಕಿದ ಬಗ್ಗೆ ಅವರು ನಿನ್ನೆ ರಾತ್ರಿಯೂ ಕೇಳಿರಲಿಲ್ಲ, ಈಗಲೂ ಕೇಳಲಿಲ್ಲ. ಅವಳು ಚೀಲವನ್ನು ಕೆಳಗಿಟ್ಟು ಎದುರಿಗೆ ಕೂತಳು. ಬಟ್ಟೆ ಬದಲಿಸಿ ಬಾರಮ್ಮ ಎಂದರೂ ಏಳಲಿಲ್ಲ. ಎದ್ದರೆ ಮತ್ತೆ ನಾಳೆಗೆ ಹೋಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ಬೆಳಗ್ಗೆ ಮುಖ್ಯಸ್ಥರಿಗೆ ಹೇಳಿದ್ದನ್ನೆಲ್ಲ ಇವರಿಗೂ ಹೇಳಿದಳು. ಮಾವ ಹಳೆಯ ಕಚೇರಿಯ ಗಾಂಭೀರ್ಯದಿಂದ ಕೇಳಿದರು. ನಡುವೆ ಒಂದೇ ಪ್ರಶ್ನೆ ಹಾಕಿದರು, ಬೇಕೂಂತ ಸೇರಿಸಿದೆಯಾ? ಇಲ್ಲ, ಆದರೆ ಕೊಳೆ ಕಂಡಿತ್ತು, ಕಂಡರೂ ಕಾಣದ ಹಾಗಿದ್ದೆ ಎಂದಳು. ಅವರು ತಲೆಯಾಡಿಸಿದರು. ಮುಖ್ಯಸ್ಥರಿಗೂ ಹೇಳಿದೆಯಾ ಎಂದು ಕೇಳಲಿಲ್ಲ, ಹೇಳಿರುತ್ತಾಳೆ ಎಂದು ನಂಬಿದ್ದರು. ಆ ನಂಬಿಕೆಯೇ ಅವಳನ್ನು ಇನ್ನಷ್ಟು ಕುಗ್ಗಿಸಿತು.

"ಆವತ್ತು ನೀವು ಹೇಳಿದ್ದೇ ನಿಜ ಆಯ್ತು ಮಾವ," ಎಂದಳು. "ಅದು ಕಲಬೆರಕೆನೇ. ಅಷ್ಟು ಜನರ ಮುಂದೆ ನಿಮ್ಮ ಬಾಯಿ ಮುಚ್ಚಿಸಿದೆ. ನಿಮಗೆ ಮುಖ ತೋರಿಸೋಕೆ ನಾಚಿಕೆ ಆಗುತ್ತೆ ನನಗೆ."

ಮಾವ ಹುರುಳಿಕಾಯಿಯ ನಾರನ್ನು ಎಳೆದು ಬದಿಗಿಟ್ಟರು. ಅದೆಲ್ಲ ಏನೂ ಇಲ್ಲ, ಕೆಲಸದ ಜಾಗದಲ್ಲಿ ಹಾಗೆಲ್ಲ ಮಾತಾಡಬಾರದು ಅಂತ ತನಗೇ ತಿಳಿಯಬೇಕಿತ್ತು ಎಂದರು. ಆ ಮಾತಿನಲ್ಲಿ ಎಳ್ಳಷ್ಟೂ ಕೊಂಕಿರಲಿಲ್ಲ. ಕೊಂಕಿದ್ದಿದ್ದರೆ ಅವಳು ಅದನ್ನೇ ಹಿಡಿದುಕೊಂಡು ಸ್ವಲ್ಪ ಹಗುರಾಗುತ್ತಿದ್ದಳು.

ಅವಳಿಗೆ ಕ್ಷಮೆ ಬೇಕಿರಲಿಲ್ಲ, ಆ ಹಳೆಯ ಬೆಳಗುಗಳು ಬೇಕಿದ್ದವು. ಒಂದು ಸಲ ಹೇಳಿಬಿಡಿ ಮಾವ, ಮೊದಲು ಹೇಳುತ್ತಿದ್ದಿರಲ್ಲ, ನಾನು ಹಿಡಿದು ಕೇಸು ಹಾಕ್ತಿದ್ದೆ, ನೀನು ಸಂಬಳ ತಗೊಂಡು ಮಾಡ್ತೀಯ ಅಂತ, ಅದನ್ನು ಹೇಳಿ, ಎಂದು ಮಕ್ಕಳ ಹಾಗೆ ಅಂಗಲಾಚಿದಳು. ಮಾವ ಬಾಯಿ ತೆರೆದರು. ನಗುವ ಪ್ರಯತ್ನವನ್ನೂ ಮಾಡಿದರು. ಆಮೇಲೆ ಯಾರಾದರೂ ಇದ್ದಾರೇನೋ ಎಂಬಂತೆ ತೆರೆದ ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದರು.

"ಬೇಡಮ್ಮ. ಮನೇಲಿ ಅಭ್ಯಾಸ ಆಗ್ಬಿಟ್ರೆ ನಾಲ್ಕು ಜನರ ಮುಂದೆ ಬಾಯಿಗೆ ಬಂದ್ಬಿಡುತ್ತೆ."

ಅಷ್ಟು ಹೇಳಿ, ಮುಂದಿದ್ದ ಹುರುಳಿಕಾಯಿಯಲ್ಲಿ ಅರ್ಧವನ್ನು ಅವಳ ಕಡೆಗೆ ಸರಿಸಿದರು. ಅವಳು ಒಂದನ್ನು ಎತ್ತಿಕೊಂಡು, ತಲೆ ಎತ್ತದೆ ನಾರು ಬಿಡಿಸತೊಡಗಿದಳು.